ಗೋಡೆಯ ಕಾವು

ಬಲಗೈಯನ್ನು ಎಲ್ಲಿಡಬೇಕೆಂಬುದೇ ಅಮಾತೆಪ್ಪನಿಗೆ ಆವತ್ತು ಬೆಳಗಿನಿಂದ ತಿಳಿಯದಾಗಿತ್ತು. ಕಿಸೆಯೊಳಗಿಟ್ಟರೆ ಬೆವರುತ್ತಿತ್ತು, ಹೊರಗೆ ತೆಗೆದರೆ ನೋಡುವವರೆಲ್ಲ ಅದನ್ನೇ ನೋಡುತ್ತಾರೆ ಅನಿಸುತ್ತಿತ್ತು. ಹುನಗುಂದದ ಕೋರ್ಟಿನಲ್ಲಿ ಇವತ್ತು ಅವನ ಸಾಕ್ಷಿ. ಅಬಕಾರಿ ಜವಾನನಿಗೆ ಕೋರ್ಟು ಹೊಸದಲ್ಲ. ಕಳ್ಳಭಟ್ಟಿ ಕೇಸುಗಳಲ್ಲಿ ಎಷ್ಟೋ ಸಲ ಕಟಕಟೆ ಹತ್ತಿದ್ದಾನೆ, ಇನ್ಸ್‌ಪೆಕ್ಟರ್ ಸಾಹೇಬರು ಹೇಳಿಕೊಟ್ಟದ್ದನ್ನು ಒಪ್ಪಿಸಿದ್ದಾನೆ, ಇಳಿದು ಬಂದು ಎದುರಿನ ಅಂಗಡಿಯಲ್ಲಿ ಚಹಾ ಕುಡಿದಿದ್ದಾನೆ. ಆದರೆ ಇವತ್ತಿನದು ಇಳಕಲ್ಲಿನ ನೇಕಾರ ಶಂಕ್ರಪ್ಪನ ಕೇಸು. ಹೆಂಡತಿ ಸಿದ್ದವ್ವ ಕೌದಿ ಹೊದ್ದು ಹೊರಸಿನ ಮೇಲೆ ಮುದುಡಿಕೊಂಡಿದ್ದಳು. ರಾತ್ರಿಯಿಂದ ಚಳಿ, ನಡುಕ. ಜ್ವರ ಇದೆಯೋ ಏನೋ ನೋಡೋಣವೆಂದು ಅವಳ ಹಣೆಗೆ ಕೈ ಒಯ್ದರೆ ಮುಖ ಆಚೆ ಮಾಡಿದಳು. "ಬ್ಯಾಡ್ರಿ, ಊರ ಮಂದಿ ಗೋಡಿ ಎಲ್ಲಾ ಸವರಿ ಬಂದ ಕೈ ಅದು," ಅಂದಳು. ಚೇಷ್ಟೆಗೆ ಅಂದದ್ದೇ ಇರಬೇಕು. ಆದರೂ ಅವನು ಕೈ ಹಿಂದಕ್ಕೆ ತೆಗೆದುಕೊಂಡ ರೀತಿ ಅವನಿಗೇ ಸೇರಲಿಲ್ಲ. ಏನನ್ನೋ ಕದಿಯಲು ಹೋಗಿ ಸಿಕ್ಕಿಬಿದ್ದವನ ಹಾಗೆ ತೆಗೆದುಕೊಂಡಿದ್ದ.

ಈ ಕೈಗೆ ಇಲಾಖೆಯಲ್ಲಿ ಹೆಸರಿತ್ತು. ಮಾಗಿಯ ಚಳಿಯಲ್ಲಿ, ಬೆಳಕು ಹರಿಯುವ ಮೊದಲು, ಓಣಿಯ ಗೋಡೆಗಳೆಲ್ಲ ಮಂಜಿನಂತೆ ಕೊರೆಯುವ ಹೊತ್ತಿನಲ್ಲಿ ಅಮಾತೆಪ್ಪ ಹೊಲಕ್ಕೆ ಹೊರಟವನ ಹಾಗೆ ಚೆಂಬು ಹಿಡಿದು ಗೋಡೆಯ ಬದಿಗುಂಟ ನಡೆಯುತ್ತಿದ್ದ, ಅಂಗೈ ಗೋಡೆಯನ್ನು ಸವರುತ್ತ ಹೋಗುತ್ತಿತ್ತು. ರಾತ್ರಿಯೆಲ್ಲ ಭಟ್ಟಿ ಇಳಿಸಿದ ಮನೆಯ ಗೋಡೆ ಬೆಳಗಿನವರೆಗೂ ಕಾವು ಹಿಡಿದಿರುತ್ತದೆ. ಅಂಥ ಕಡೆ ನಿಂತು ಅವನು ಬೀಡಿ ಹಚ್ಚಿದರೆ ಓಣಿಯ ತುದಿಯಲ್ಲಿದ್ದ ಜೀಪಿಗೆ ಅದೇ ಸನ್ನೆ. ಮನೆಯೊಳಗೆ ಹೊಗಬೇಕಾದರೆ ವಾರಂಟು ಬೇಕು, ವಾರಂಟು ತರಲು ವೇಳೆಯಿಲ್ಲದಿದ್ದರೆ ನಂಬಲು ಏನಾದರೂ ಕಾರಣವಿರಬೇಕು, ಆ ಕಾರಣವನ್ನು ಮೊದಲೇ ಬರೆದಿಡಬೇಕು ಅನ್ನುತ್ತದೆ ಕಾಯಿದೆ. ಸಾಹೇಬರು ಬರೆಯುತ್ತಿದ್ದುದು ಯಾವಾಗಲೂ ಒಂದೇ ಸಾಲು: 'ಹೊರಗೋಡೆ ಬಿಸಿ ಇರುವುದು ಕಂಡುಬಂದಿದೆ.' ಬೀದಿ ಸರಕಾರದ್ದು, ಗೋಡೆಯ ಹೊರಮೈ ಬೀದಿಯಲ್ಲಿದೆ, ಕೈ ಅಮಾತೆಪ್ಪನದು. ಇದರಲ್ಲಿ ತಪ್ಪೇನಿದೆ ಎಂದು ಯಾರೂ ಕೇಳಿರಲಿಲ್ಲ. ಅವನೂ ಕೇಳಿಕೊಂಡಿರಲಿಲ್ಲ. ಬಾಗಲಕೋಟೆಯಿಂದ ದೊಡ್ಡ ಸಾಹೇಬರು ಬಂದಾಗ ಅವನ ಕಣ್ಣಿಗೆ ಟವೆಲ್ಲು ಕಟ್ಟಿ, ಕುಡಿದಿಟ್ಟ ಚಹಾದ ಬಟ್ಟಲುಗಳನ್ನು ಮುಂದೆ ಸಾಲಾಗಿಟ್ಟು, ಯಾವುದು ಮೊದಲು ಖಾಲಿಯಾಗಿದ್ದು ಹೇಳು ನೋಡೋಣ ಅಂದಿದ್ದರು. ಮುಟ್ಟಿ ನೋಡಿ ಹೇಳಿದ. ಎಲ್ಲರೂ ನಕ್ಕರು. ಟವೆಲ್ಲು ಬಿಚ್ಚುವ ಮೊದಲೇ ಅವನೂ ನಕ್ಕ, ಯಾರತ್ತ ತಿರುಗಿ ನಗಬೇಕೆಂದು ತಿಳಿಯದೆ. ಅಂದಿನಿಂದ ಆಫೀಸಿನಲ್ಲಿ ಅವನು ಗೋಡಿ ಅಮಾತೆಪ್ಪ.

ಕೋರ್ಟಿನ ಅಂಗಳದ ಬೇವಿನ ಮರದ ಕೆಳಗೆ ಶಂಕ್ರಪ್ಪ ಕೂತಿದ್ದ. ಹೆಗಲ ಮೇಲಿನ ವಸ್ತ್ರ ತೊಡೆಯ ಮೇಲಿಟ್ಟುಕೊಂಡು, ನೇಯ್ಗೆ ಸರಿಯಿದೆಯೋ ಇಲ್ಲವೋ ನೋಡುವವನ ಹಾಗೆ ಅದರ ಅಂಚನ್ನು ಬೆರಳಿನಲ್ಲಿ ತಿಕ್ಕುತ್ತಿದ್ದ. ಬಹಳ ಇಳಿದುಹೋಗಿದ್ದಾನೆ ಅನಿಸಿತು. ತಲೆ ಎತ್ತಿದರೆ ಏನು ಮಾಡುವುದೆಂದು ಅಮಾತೆಪ್ಪ ಜಗಲಿಯ ಕಂಬದ ಮರೆಗೆ ಸರಿದ. ಅವನನ್ನು ಹುಡುಕಿಕೊಂಡು ಸಾಹೇಬರೇ ಬಂದರು. "ಲೇ, ಇಲ್ಲೇನ್ ಕಂಬಕ್ಕ ಅಂಟಿಕೊಂಡಿ? ಏನ್ ಹೇಳಬೇಕು ಗೊತ್ತೈತಲ್ಲ? ಕೈ ಹಚ್ಚಿದ್ನಿ, ಬಿಸಿ ಇತ್ತು. ಮುಗೀತು. ಉಳಿದದ್ದು ಪಂಚನಾಮಿ ಹೇಳತೈತಿ." "ಹೂಂನ್ರಿ," ಅಂದ. ಸಾಹೇಬರು ಹೆಗಲು ತಟ್ಟಿ, ಈ ಸಲ ನಿನ್ನ ಬಡ್ತಿಗೆ ಬರೀತೇನಿ ಅಂದು ಹೋದರು. ಅವರು ತಟ್ಟಿದ ಜಾಗ ಬಹಳ ಹೊತ್ತು ಬೆಚ್ಚಗಿತ್ತು. ಅದನ್ನು ಗಮನಿಸುತ್ತಿದ್ದೇನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಕೈ ಹಚ್ಚಿದೆ, ಬಿಸಿ ಇತ್ತು. ಸುಳ್ಳೇನಲ್ಲ. ಶಂಕ್ರಪ್ಪನ ಮನೆಯ ದಾಳಿಯ ದಿನವೂ ಅವನು ಸುಳ್ಳು ಹೇಳಿರಲಿಲ್ಲ, ಅದೇ ಅವನನ್ನು ಒಳಗೊಳಗೇ ತಿನ್ನುತ್ತಿದ್ದದ್ದು. ಅದರ ಹಿಂದಿನ ವಾರ ಅವನು ತೋರಿಸಿದ ಬಿಸಿ ಗೋಡೆಯ ಹಿಂದೆ ಚುರುಮುರಿ ಹುರಿಯುವ ಭಟ್ಟಿ ಇತ್ತು. ಮನೆಯವಳು ಸಾಹೇಬರಿಗೆ ಒಂದು ಮುಷ್ಟಿ ಬಿಸಿ ಚುರುಮುರಿ ಕೊಟ್ಟು, ತಿಂದ ಹೋಗ್ರಿ ಅಂದಿದ್ದಳು. ಓಣಿಯೆಲ್ಲ ನಕ್ಕಿತ್ತು. ಸರಕಾರದ ಪಗಾರ ತಿಂದು ನಿನ್ನ ಕೈ ಜಡ್ಡಗಟ್ಟೈತಿ ಎಂದು ಸಾಹೇಬರು ಜೀಪಿನಲ್ಲಿ ದಾರಿಯುದ್ದಕ್ಕೂ ಉಗಿದಿದ್ದರು. ಅಷ್ಟರಲ್ಲಿ ಯಾರೋ ಸುದ್ದಿ ಕೊಟ್ಟರು: ಶಂಕ್ರಪ್ಪ ಹೊತ್ತಿಲ್ಲದ ಹೊತ್ತಿನಲ್ಲಿ ಮಗ್ಗ ಬಡಿಯುತ್ತಾನೆ, ಕೋಳಿ ಕೂಗುವ ಮೊದಲೇ ಲಾಳಿಯ ಸದ್ದು, ಒಳಗೆ ಬೇರೇನೋ ನಡೆದಿದೆ. ಆ ಬೆಳಗು ಸಾಹೇಬರು ಓಣಿಯ ತುದಿಯಲ್ಲಿ ಕಾಯಲಿಲ್ಲ. ಜೀಪಿನಿಂದಿಳಿದು ಅವನ ಬೆನ್ನಿಗೇ ಬಂದು ನಿಂತರು. ಕಲ್ಲುಮಣ್ಣಿನ ಗೋಡೆ. ಒಳಗಿನಿಂದ ಮಗ್ಗದ ಸದ್ದು ಎಡೆಬಿಡದೆ ಕೇಳುತ್ತಿತ್ತು. ಅಂಗೈ ಇಟ್ಟ. ಬಿಸಿಯಿತ್ತು. ಆದರೆ ಭಟ್ಟಿಯ ಬಿಸಿ ಒಂದೇ ಕಡೆ ಇರುತ್ತದೆ, ಒಲೆಯ ಹಿಂದೆ, ಎದೆಯೆತ್ತರಕ್ಕೆ ಏರಿರುತ್ತದೆ. ಇದು ಕೆಳಗೆ, ಮೊಣಕಾಲಿನ ಮಟ್ಟದಲ್ಲಿ, ಒಂದು ಹೊರಸಿನುದ್ದಕ್ಕೂ ಹರಡಿಕೊಂಡು, ಹದವಾಗಿತ್ತು. ಗವಾಕ್ಷಿಯ ಸಂದಿಯಿಂದ ಅಜವಾನದ ಹೊಗೆ, ಲೋಬಾನ. ಚಿಕ್ಕಂದಿನಲ್ಲಿ, ಬದಾಮಿಯ ಹತ್ತಿರ ಚೊಳಚಗುಡ್ಡದ ತಮ್ಮ ಮನೆಯಲ್ಲಿ ಅಕ್ಕ ಹಡೆದಾಗ ಅವಳ ಕೋಣೆಯೊಳಗೆ ಅವನನ್ನು ಬಿಡುತ್ತಿರಲಿಲ್ಲ. ಅವಳ ಹೊರಸಿನ ಕೆಳಗೆ ಅವ್ವ ಕೆಂಡದ ಬೋಗುಣಿ ಇಟ್ಟು ಅಜವಾನ ಉದುರಿಸುತ್ತಿದ್ದಳು. ಚಳಿಗೆ ಇವನು ಪಡಸಾಲೆಯಲ್ಲಿ ಆ ಗೋಡೆಗೆ ಬೆನ್ನು ಹಚ್ಚಿ ಮಲಗುತ್ತಿದ್ದ, ಆಚೆಯಿಂದ ಅಕ್ಕನ ಜೋಗುಳ ಕೇಳುತ್ತಿತ್ತು. ಜಗತ್ತಿನಲ್ಲಿ ಅವನಿಗೆ ಮೊದಲು ಗೊತ್ತಾದ ಕಾವು ಅದು. ಗೊತ್ತಾಗದೆ ಹೋಗಲು ಸಾಧ್ಯವೇ ಇರಲಿಲ್ಲ. ಒಳಗೆ ಬಾಣಂತಿ ಇದ್ದಾಳೆ. "ಬಿಸಿ ಐತೋ ಇಲ್ಲೋ? ಅಷ್ಟ ಹೇಳು," ಅಂದರು ಸಾಹೇಬರು ಕಿವಿಯ ಹತ್ತಿರ. ಅವರ ದನಿಯಲ್ಲಿ ಚುರುಮುರಿಯ ದಿನದ ಸಿಟ್ಟು ಇನ್ನೂ ಇತ್ತು. "ಬಿಸಿ ಐತ್ರಿ," ಅಂದ.

ಜಗಲಿಯಲ್ಲಿ ಪಟ್ಟೇವಾಲಾ ಯಾರದೋ ಹೆಸರು ಕೂಗಿದ. ಅಮಾತೆಪ್ಪ ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ, ಆದರೆ ಅದು ಬೇರೆ ಕೇಸು. ಶಂಕ್ರಪ್ಪನ ಪಕ್ಕದಲ್ಲಿ ಈಗ ಮುರ್ತುಜಸಾಬ ವಕೀಲರು ನಿಂತಿದ್ದರು, ಕಂಕುಳಲ್ಲಿ ದಪ್ಪ ಪುಸ್ತಕಗಳು, ಪುಟಗಳ ನಡುವೆ ಬೆಂಕಿಪೆಟ್ಟಿಗೆಯ ಕಡ್ಡಿಗಳ ಗುರುತು. ಅವರು ಬಾಗಲಕೋಟೆಯವರು. ಶಂಕ್ರಪ್ಪನೇನೂ ಅವರನ್ನು ಹಿಡಿದಿರಲಿಲ್ಲ. ಅವನು ತಪ್ಪೊಪ್ಪಿಕೊಂಡು ಶಿಕ್ಷೆ ಅನುಭವಿಸಲು ತಯಾರಾಗಿದ್ದ. ಲಿಂಗ ಕಟ್ಟಿದವನೊಬ್ಬ ಭಟ್ಟಿ ಇಳಿಸಿ ಜೇಲಿಗೆ ಹೋದನೆಂದರೆ ನೇಕಾರ ಓಣಿಗೇ ಕೆಟ್ಟ ಹೆಸರೆಂದು ಹಿರಿಯರೇ ವಕೀಲರನ್ನು ಕರೆತಂದಿದ್ದರು. ವಕೀಲರಿಗೂ ನಿಜ ಗೊತ್ತಿಲ್ಲ, ಓಣಿಗೂ ಗೊತ್ತಿಲ್ಲ. ಗೊತ್ತಿದ್ದದ್ದು ಆ ಮನೆಯವರಿಗೆ, ಅವರನ್ನು ಬಿಟ್ಟರೆ ಅಮಾತೆಪ್ಪನಿಗೆ. ವಕೀಲರು ತಮ್ಮ ಜಾಣತನದಲ್ಲಿ, ಹಾಗಾದರೆ ಗೋಡೆ ಬಿಸಿಯಾಗಲು ಬೇರೆ ಏನು ಕಾರಣವಿದ್ದೀತು ಎಂದು ಕೇಳಿಬಿಟ್ಟರೆ? ಬಾಯಿ ಜಾರಿದರೆ ಆ ಬಾಣಂತಿ ಹುಡುಗಿಯ ಬಾಳು ಹುನಗುಂದದ ಚಹಾದಂಗಡಿಯ ಮಾತಾಗುತ್ತದೆ. ಬಿಸಿ ಇತ್ತೆಂದಷ್ಟೇ ಹೇಳಿ ಸುಮ್ಮನಾದರೆ ಶಂಕ್ರಪ್ಪ ಜೇಲಿಗೆ. ಅವನು ರಾತ್ರಿಯೆಲ್ಲ ಈ ಎರಡನ್ನೇ ಮಗುಚಿ ಹಾಕಿದ್ದ, ದೋಸೆಯನ್ನು ಮಗುಚಿದಂತೆ, ಎರಡೂ ಬದಿ ಸೀದುಹೋಗುವವರೆಗೆ.

ಆ ಬೆಳಗು ಬಾಗಿಲು ದೂಡಿ ಒಳಹೊಕ್ಕಾಗ ಶಂಕ್ರಪ್ಪ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೆಂಪು ಸೆರಗು ನೇಯುತ್ತಿದ್ದ. ಮೂಲೆಯಲ್ಲಿ ತಾಮ್ರದ ಹಂಡೆ, ಬೆಲ್ಲದ ಪೆಂಟೆ, ಮೊರದಲ್ಲಿ ಒಣಶುಂಠಿ, ಅಂಟು, ಕೊಬ್ಬರಿ. ಬಾಣಂತಿಗೆ ಅಂಟಿನ ಉಂಡಿ ಕಟ್ಟುವ ಮನೆಯಲ್ಲಿ ಇರುವ ಸಾಮಾನೇ. ಸಾಹೇಬರ ಕಣ್ಣಿಗೆ ಬಿದ್ದದ್ದು ಭಟ್ಟಿಗೂ ಬೇಕಾಗುವ ಬೆಲ್ಲ ಮತ್ತು ಹಂಡೆ. "ಇಷ್ಟ್ಯಾಕೋ ಬೆಲ್ಲ?" ಅಂದರು. ಶಂಕ್ರಪ್ಪನ ಬಾಯಿ ತೆರೆಯಿತು, ಕಣ್ಣು ಒಳಕೋಣೆಯ ಮುಚ್ಚಿದ ಬಾಗಿಲತ್ತ ಹೋಗಿ ಬಂತು. ಸಾಹೇಬರು ಆ ಬಾಗಿಲ ಕಡೆ ಹೆಜ್ಜೆಯಿಟ್ಟರು. ಆಗ ಶಂಕ್ರಪ್ಪ ಕುಣಿಯಿಂದ ಎದ್ದು ಬಂದು ಅಡ್ಡ ನಿಂತ. ಅಂಗಿಯ ಮೇಲಿನಿಂದ ಎದೆಯ ಲಿಂಗ ಹಿಡಿದುಕೊಂಡು ಹೇಳಿದ: "ಭಟ್ಟಿ ನಂದ್ರಿ. ನಾನ ಇಳಸತೇನಿ. ನಡೀರಿ, ಎಲ್ಲಿ ಸಹಿ ಮಾಡಂತೀರಿ ಅಲ್ಲಿ ಮಾಡತೇನಿ." ಸಾಹೇಬರು ಹಿಗ್ಗಿದರು, ಆದರೂ ಕ್ರಮ ಬಿಡಬಾರದಲ್ಲ. "ಅಮಾತೆಪ್ಪ, ಒಳಗೊಮ್ಮಿ ನೋಡಿ ಬಾ." ಶಂಕ್ರಪ್ಪ ಅವನನ್ನು ನೋಡಿದ. ಅಮಾತೆಪ್ಪ ಬಾಗಿಲು ದೂಡಿದ. ಹೊರಸು, ಕೆಳಗೆ ಕೆಂಡದ ಬೋಗುಣಿ. ಶಂಕ್ರಪ್ಪನ ಹೆಂಡತಿ ಶಿವಬಸವ್ವ ಗೋಡೆಗೆ ಒತ್ತಿಕೊಂಡು ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಹೊರಸಿನ ಮೇಲೆ ಕಿವಿ ಮುಚ್ಚಿ ತಲೆಗೆ ಬಟ್ಟೆ ಕಟ್ಟಿಕೊಂಡ ಹುಡುಗಿ, ಮಗಳು ಗುರುಲಿಂಗವ್ವ. ಬಾಗಲಕೋಟೆಗೆ ಸೋದರತ್ತೆಯ ಮನೆಗೆ ಹೋಗಿದ್ದಾಳೆಂದು ಓಣಿಯೆಲ್ಲ ತಿಳಿದಿದ್ದ ಹುಡುಗಿ. ಕೊರಳಲ್ಲಿ ತಾಳಿ ಇರಲಿಲ್ಲ. ಅವಳು ಚೀರಲಿಲ್ಲ. ಸೆರಗನ್ನು ತನ್ನ ಮೈಮೇಲೆ ಎಳೆದುಕೊಳ್ಳಲಿಲ್ಲ, ಕೂಸಿನ ಮುಖದ ಮೇಲೆ ಎಳೆದಳು. ಮಗ್ಗ ನಿಂತುಹೋಗಿತ್ತು. ಆ ಸದ್ದು ಯಾಕೆ ಬೇಕಿತ್ತೆಂದು ಅವನಿಗೆ ಆಗ ತಿಳಿಯಿತು. ಕೂಸು ಕುಂಯ್‌ಗುಡಲು ಸುರುಮಾಡಿತ್ತು. ಬಾಗಿಲು ಎಳೆದುಕೊಂಡು ಬಂದು, ಕೆಮ್ಮಿ, "ಏನಿಲ್ರಿ, ಹಾಸಿಗಿ ಅದಾವ," ಅಂದ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು. ಬೀದಿಯಲ್ಲಿ ನಿಂತಾಗ ಯಾಕೆ ಬರಲಿಲ್ಲ?

"ಅಮಾತೆಪ್ಪಾ," ಎಂದು ಪಟ್ಟೇವಾಲಾ ಕೂಗಿದ. ಕಟಕಟೆಯ ಕಟ್ಟಿಗೆ ನುಣುಪಾಗಿತ್ತು, ಎಷ್ಟೋ ಜನರ ಬೆವರು ಕುಡಿದದ್ದು. ಪ್ರಮಾಣ ಮಾಡಿದ. ಉಳಿದ ಸಾಕ್ಷಿಗಳೆಲ್ಲ ಮುಗಿದಿದ್ದವು. ಸಾಹೇಬರು ಹಿಂದಿನ ತಾರೀಖಿಗೇ ತಮ್ಮ ಸಾಕ್ಷಿ ಹೇಳಿ ಮುಗಿಸಿ ಈಗ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಮ್ಯಾಜಿಸ್ಟ್ರೇಟರು ಮೈಸೂರು ಕಡೆಯ ಹರೆಯದವರು, ಕೋರ್ಟಿನ ಬೇಸರ ಇನ್ನೂ ಅಂಟಿಕೊಳ್ಳದ ಮುಖ. ಮುರ್ತುಜಸಾಬರು ಎದ್ದು, ಕರಿಕೋಟಿನ ಗುಂಡಿ ಹಾಕಿಕೊಂಡು, ಸಾಕ್ಷಿಯನ್ನು ಬಿಟ್ಟು ಮ್ಯಾಜಿಸ್ಟ್ರೇಟರ ಕಡೆಗೇ ತಿರುಗಿದರು. "ಎಮರ್ಜೆನ್ಸಿ ಮುಗಿದೈತ್ರಿ ಸ್ವಾಮಿ. ಮನಿ ಬಾಗಲಾ ಹಾಕ್ಕೊಂಡು ಮನಶಾ ಒಳಗ ಏನ್ ಮಾಡತಾನ ಅನ್ನೂದು ಅವನ ಸ್ವಂತದ್ದು ಅಂತ ದೊಡ್ಡ ಕೋರ್ಟುಗಳು ವಿಚಾರ ನಡಿಸ್ಯಾವ. ಇಲ್ಲಿ ಬಾಗಲಾ ತಗಿಲಿಲ್ಲ, ಕಿಡಕ್ಯಾಗ ಹಣಿಕಿ ಹಾಕಲಿಲ್ಲ, ಗೋಡಿಗೆ ಕೈ ಹಚ್ಚಿ ಒಳಗ ನೋಡ್ಯಾರ. ಇದು ಝಡತಿ, ಅಂದ್ರ ಮನಿ ಶೋಧ, ಹೌದೋ ಅಲ್ಲೋ?" ಸರಕಾರಿ ವಕೀಲರು ಕೂತಲ್ಲಿಂದಲೇ ನಕ್ಕರು. ಕಾವು ತಾನಾಗಿ ಬೀದಿಗೆ ಬಂದದ್ದು, ಬೀದಿಗೆ ಬಂದದ್ದನ್ನು ಯಾರು ಬೇಕಾದರೂ ಮುಟ್ಟಬಹುದು ಅಂದರು. "ಬಂದೈತ್ರಿ," ಅಂದರು ಮುರ್ತುಜಸಾಬರು, "ಆದರ ಮನಿಯವರು ಕಳಿಸಿಲ್ಲ. ನಾ ಮನಿಯೊಳಗ ಅತ್ತರ ದನಿ ಬೀದಿಗೆ ಬೀಳತೈತಿ. ಹಂಗಂತ ಅಳು ಬೀದೀದಾಗತೈತೇನ್ರಿ?"

ಅಳು ಅನ್ನುವ ಮಾತು ಬಂದದ್ದೇ ಶಂಕ್ರಪ್ಪ ತಲೆ ಎತ್ತಿದ. ಅಮಾತೆಪ್ಪ ವಕೀಲರ ಮುಖ ನೋಡಿದ. ವಕೀಲರಿಗೆ ಏನೋ ಗೊತ್ತಾಗಿದೆಯೇ? ಇಲ್ಲ, ಅವರು ಸುಮ್ಮನೆ ಮಾತಿನ ಓಟದಲ್ಲಿ ಅಂದದ್ದು. ಆದರೆ ಈ ಓಟ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಅವನಿಗೆ ಕಾಣುತ್ತಿತ್ತು. ಮ್ಯಾಜಿಸ್ಟ್ರೇಟರ ಮುಖದ ಮೇಲೆ ಕುತೂಹಲ ಮೂಡಿತ್ತು, ಎಲ್ಲಕ್ಕಿಂತ ಅಪಾಯದ್ದು ಅದೇ. ಅವರು ಪೆನ್ನು ಕೆಳಗಿಟ್ಟು ನೇರ ಅವನನ್ನೇ ಕೇಳಿದರು. "ಹೆದರಬೇಡಪ್ಪ. ನೀನು ಕೈ ಇಟ್ಟಾಗ ಗೋಡೆ ಹೇಗಿತ್ತು? ಯಾವ ಥರದ ಬಿಸಿ ಅದು? ಒಲೆಯದೋ, ಭಟ್ಟಿಯದೋ, ಬೇರೆ ಏನಾದರದೋ, ನಿನಗೆ ತಿಳೀತದಂತಲ್ಲ?" ಇಷ್ಟು ವರ್ಷದಲ್ಲಿ ಅವನ ಕೈಯನ್ನು ಯಾರೂ ಇಷ್ಟು ಮರ್ಯಾದೆಯಿಂದ ಕೇಳಿರಲಿಲ್ಲ. ಹೇಳಬೇಕೆನಿಸಿತು. ನಾಚಿಕೆಗೇಡು, ಆದರೂ ಆ ಕ್ಷಣ ನಿಜವಾಗಿ ಹೇಳಬೇಕೆನಿಸಿತು. ನನಗೆ ಎಲ್ಲಾ ಗೊತ್ತಾಗತೈತ್ರಿ, ಹೊರಸಿನುದ್ದಕ್ಕೂ ಹರಡಿದ ಕಾವು ಬೇರೆ, ಒಲೆಯ ಕಾವು ಬೇರೆ ಎಂದು ನಾಲಗೆಯ ತುದಿಯವರೆಗೆ ಬಂತು. ಕೂಸಿನ ಮುಖದ ಮೇಲೆ ಸೆರಗು ಎಳೆದ ಆ ಕೈ ಕಣ್ಣ ಮುಂದೆ ಬಂತು. "ಗೋಡಿ ತಣ್ಣಗಿತ್ರಿ," ಅಂದ.

ಮ್ಯಾಜಿಸ್ಟ್ರೇಟರು ಮುಂದಕ್ಕೆ ಬಾಗಿದರು. "ಏನಂದೆ?" "ತಣ್ಣಗಿತ್ರಿ. ಸಾಹೇಬ್ರು ಸಿಟ್ಟಿನ್ಯಾಗಿದ್ರು. ಹಿಂದಿನ ವಾರ ಒಂದು ತಪ್ಪಾಗಿತ್ತು. ಅಂಜಿ ಬಿಸಿ ಐತಿ ಅಂದ್ನಿರಿ." ಅದರಲ್ಲಿ ಅರ್ಧ ಖರೆಯಿದ್ದದ್ದರಿಂದ ದನಿ ನಡುಗಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಗೋಡಿ ಅಮಾತೆಪ್ಪನ ಕೈ ಬರೇ ಬೊಗಳೆ ಎಂದು ಇನ್ನೊಬ್ಬರು. ಸಾಹೇಬರ ಮೇಲಿನ ಕಾಲು ಕೆಳಗಿಳಿಯಿತು. ತಮಾಷೆಯೆಂದರೆ ಮುರ್ತುಜಸಾಬರಿಗೇ ಪೆಚ್ಚಾಯಿತು. ಗುರುತು ಹಾಕಿಕೊಂಡು ತಂದಿದ್ದ ಪುಸ್ತಕಗಳನ್ನು ತೆರೆಯಬೇಕಾದ ಕಾರಣವೇ ಉಳಿಯಲಿಲ್ಲ. ಬಡಿಸಿದ ಊಟದ ಮುಂದಿಂದ ಎಬ್ಬಿಸಿದವರ ಹಾಗೆ ಒಮ್ಮೆ ಅವುಗಳನ್ನು ನೋಡಿ ಕೂತುಬಿಟ್ಟರು. ಒಂದಿಷ್ಟು ಬೆಲ್ಲ, ಒಂದು ಹಂಡೆ, ಗಾಬರಿಯಲ್ಲಿ ಆಡಿದ ಮಾತು, ಇದರ ಮೇಲೆ ಯಾರನ್ನೂ ಶಿಕ್ಷಿಸಲಾಗದೆಂದು ಮ್ಯಾಜಿಸ್ಟ್ರೇಟರು ಮಧ್ಯಾಹ್ನ ಶಂಕ್ರಪ್ಪನನ್ನು ಬಿಟ್ಟರು. ಮನೆಯ ಗೋಡೆಯ ಪ್ರಶ್ನೆಯನ್ನು ಮುಟ್ಟುವ ಅಗತ್ಯ ಬೀಳಲಿಲ್ಲವೆಂದೂ ಹೇಳಿದರು. ಅಂಗಳದಲ್ಲಿ ಸಾಹೇಬರು ಬಯ್ಯಲಿಲ್ಲ. ಬಯ್ದಿದ್ದರೆ ಚಲೋ ಇತ್ತು. "ನಾಳಿ ಆಫೀಸಿಗೆ ಬರಬ್ಯಾಡ. ಕಾಗದ ಮನಿಗೆ ಬರತೈತಿ," ಅಂದು ಜೀಪು ಹತ್ತಿದರು.

ನೌಕರಿ ಹೋಯಿತು ಅನ್ನುವುದು ಇನ್ನೂ ಮೈಗೆ ಹತ್ತಿರಲಿಲ್ಲ. ಅದರ ಬದಲು ಏನೋ ಹಗುರ, ಸ್ವಲ್ಪ ಜಂಬವೂ ಇತ್ತೆಂದರೆ ತಪ್ಪಲ್ಲ. ಓಣಿಯ ಹಿರಿಯರು ವಕೀಲರನ್ನು ಊಟಕ್ಕೆ ಕರೆದುಕೊಂಡು ಹೋದರು, ಶಂಕ್ರಪ್ಪ ಮಾತ್ರ ಬೇವಿನ ಮರದ ಕೆಳಗೆ ಉಳಿದ. ಅಮಾತೆಪ್ಪ ಅವನ ಹತ್ತಿರ ಹೋದ. ಏನು ಬೇಕಿತ್ತು ಅವನಿಗೆ? ಒಂದು ಮಾತು. ಚಲೋ ಮಾಡಿದಿ ಅಂತ. ಅಷ್ಟೂ ಬೇಡ, ಒಮ್ಮೆ ಮುಖ ಎತ್ತಿ ನೋಡಿದರೂ ಸಾಕಿತ್ತು.

"ನಾ ಯಾರ ಮುಂದೂ ಹೇಳಿಲ್ರಿ," ಅಂದ ಮೆಲ್ಲಗೆ. "ಹೇಳೂದೂ ಇಲ್ಲ."

"ಗೊತ್ತೈತಿ," ಅಂದ ಶಂಕ್ರಪ್ಪ.

"ಮಗಳು, ಕೂಸು, ಅರಾಮ ಅದಾರಲ್ರಿ?"

ಶಂಕ್ರಪ್ಪ ವಸ್ತ್ರದ ಅಂಚನ್ನು ತಿಕ್ಕುವುದು ನಿಲ್ಲಿಸಿದ. ಮಾತಾಡುವಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಯಾರಿಗೋ ದಾರಿ ಹೇಳುವವನ ಹಾಗೆ ಹೇಳಿದ. "ನನ್ನ ಲಾಕಪ್ಪಿಗೆ ಹಾಕಿದ್ರಲ್ಲ, ಆವತ್ತ ನಮ್ಮಾಕಿ ಹೊರಸಿನ ಕೆಳಗಿನ ಬೆಂಕಿ ಆರಿಸಿಬಿಟ್ಟಳು. ಗೋಡಿ ಬಿಸಿ ಆದ್ರ ಮತ್ತ ಬರ್ತಾರ ಅಂತ ಅಂಜಿಕಿ. ನಾನೂ ಇರಲಿಲ್ಲ, ಮಗ್ಗಾನೂ ಇರಲಿಲ್ಲ. ಅಜವಾನಾನೂ ಹಾಕಲಿಲ್ಲ, ವಾಸನಿ ಹೊರಗ ಹೊಕ್ಕೈತಿ ಅಂತ. ಮಾಗಿ ಥಂಡಿ ನಿನಗ ಗೊತ್ತ ಐತಿ. ದವಾಖಾನಿಗೆ ಒಯ್ಯಾಕ ಆಕ್ಕೈತೇನು? ಯಾರ ಕೂಸು ಅಂತ ಕೇಳತಾರ. ಬೇಲ್ ಆಗಿ ನಾ ಮನಿಗೆ ಹೋಗೂದ್ರಾಗ ಕೂಸು ಹೋಗಿತ್ತು."

ಚಹಾದಂಗಡಿಯ ರೇಡಿಯೋ ಏನೋ ಹಾಡುತ್ತಿತ್ತು. "ಗುರುಲಿಂಗವ್ವ?" ಎಂದು ಅಮಾತೆಪ್ಪ ಕೇಳಿದ, ಹೆಸರು ಹಿಡಿದು ಕೇಳಬಾರದಿತ್ತೆಂದು ಆಮೇಲೆ ಹೊಳೆಯಿತು.

"ಅದಾಳ. ಮಾತಾಡೂದಿಲ್ಲ." ಶಂಕ್ರಪ್ಪ ಎದ್ದು ವಸ್ತ್ರ ಝಾಡಿಸಿ ಹೆಗಲಿಗೆ ಹಾಕಿಕೊಂಡ. "ಹುಟ್ಟಿದ್ದ ಯಾರಿಗೂ ಗೊತ್ತಿಲ್ಲ, ಸತ್ತದ್ದು ಯಾರ ಮುಂದ ಹೇಳಿ ಅಳೂದು? ಹೊರಗಿನಾಂವ ನೀನೊಬ್ಬಾಂವ ಕೂಸಿನ ಕಂಡಾಂವ. ಅದಕ್ಕ ನಿನ್ನ ಮುಂದ ಹೇಳಿದ್ನಿ." ಹೊರಟವನು ಎರಡು ಹೆಜ್ಜೆ ಹೋಗಿ ನಿಂತ. "ತಣ್ಣಗಿತ್ತು ಅಂದೆಲ್ಲ ಇವತ್ತ. ಆ ಮುಂಜಾನಿ ಅನಬೇಕಿತ್ತೋ ತಮ್ಮಾ." ತಮ್ಮಾ ಅಂದದ್ದನ್ನು ಅಮಾತೆಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ. ಇಳಕಲ್ಲಿನ ಬಸ್ಸು ಬಂತು, ಶಂಕ್ರಪ್ಪ ಹತ್ತಿ ಹೋದ.

ಮನೆಗೆ ಬಂದಾಗ ಬಿಸಿಲು ಇಳಿದಿತ್ತು. ಸಿದ್ದವ್ವ ಹೊರಸಿನ ಮೇಲೆ ಬೆಳಗ್ಗೆ ಇದ್ದ ಹಾಗೆಯೇ ಮುದುಡಿಕೊಂಡಿದ್ದಳು. "ಏನಾತ್ರಿ ಕೋರ್ಟಿನ್ಯಾಗ?" "ಏನಿಲ್ಲ." ಅವಳು ಕೌದಿಯೊಳಗಿಂದ ಕೈ ಚಾಚಿ ಅವನ ಬಲಗೈಯನ್ನು ತಾನಾಗಿಯೇ ಹಿಡಿದು ಹಣೆಯ ಮೇಲೆ ಇಟ್ಟುಕೊಂಡಳು. "ಮುಂಜಾನಿ ಅಂದದ್ದು ಮನಸಿಗೆ ಹಚ್ಚಿಕೊಂಡ್ರೇನು? ನೋಡ್ರಿ, ಜ್ವರ ಐತೇನು." ಹಣೆ ಸುಡುತ್ತಿತ್ತು. "ತಣ್ಣಗೈತಿ," ಅಂದಿತು ಅವನ ಬಾಯಿ. ಅವಳು ಅವನ ಮುಖವನ್ನೇ ನೋಡಿದಳು. ಅವನು ಕೈ ಬಿಡಿಸಿಕೊಂಡು ಒಲೆಯ ಹತ್ತಿರ ಹೋದ, ಕುಳ್ಳು ಹಚ್ಚಿದ, ಕೆಂಡವಾದ ಮೇಲೆ ಬೋಗುಣಿಗೆ ತುಂಬಿ ತಂದು ಬಗ್ಗಿ ಅವಳ ಹೊರಸಿನ ಕೆಳಗೆ ಸರಿಸಿದ. "ಇದೇನ್ರಿ," ಅಂದಳು ಸಿದ್ದವ್ವ ಜ್ವರದಲ್ಲೇ ನಕ್ಕು, "ನಾ ಏನ್ ಬಾಣಂತಿಯೇನು?" ಅವನು ಕುಕ್ಕರಗಾಲಿನಲ್ಲಿ ಕೂತು ಕೆಂಡ ಊದತೊಡಗಿದ. ಕಾವು ಏರುತ್ತ ಹೋಯಿತು, ಹೊರಸಿನ ಪಕ್ಕದ ಗೋಡೆ ಮೆಲ್ಲಗೆ ಬೆಚ್ಚಗಾಗುತ್ತಿರಬೇಕು, ಅದನ್ನು ಮುಟ್ಟಿ ನೋಡುವ ಧೈರ್ಯ ಅವನಿಗಾಗಲಿಲ್ಲ. ಹೊರಗೆ ಓಣಿಯಲ್ಲಿ ಯಾರದೋ ಹೆಜ್ಜೆಯ ಸಪ್ಪಳ ಬಂತು. ಅದು ತಮ್ಮ ಗೋಡೆಯ ಹತ್ತಿರ ಬಂದು ನಿಧಾನವಾಯಿತೇನೋ ಅನಿಸಿ ಅಮಾತೆಪ್ಪ ಊದುವುದನ್ನು ನಿಲ್ಲಿಸಿದ. ಅದು ದಾಟಿ ಹೋಗುವವರೆಗೂ ಉಸಿರು ಬಿಡಲಿಲ್ಲ.